ಎಲೆಯ ಬೀಳ್ಕೊಡುಗೆ

ಆಂಗ್ಲ ಭಾಷೆಯ ‘ಆಟಮ್’ ಎಂಬ ಪದವನ್ನು ಕನ್ನಡದಲ್ಲಿ ‘ಶರತ್ಕಾಲ’ ಎಂದು ಅನುವಾದಿಸುವ ರೂಢಿ ಬಹಳ ಹಿಂದಿನದು. ತಿಂಗಳುಗಳ ಲೆಕ್ಕದಲ್ಲಿ ಈ ಅನುವಾದ ಸರಿಯೇ. ಆದರೆ ಕಾಲ ಒಂದಾದರೂ ಕಣ್ಣಿಗೆ ಕಾಣುವ ನೋಟ ಒಂದಲ್ಲ. ಕನ್ನಡ ನಾಡಿನ ಶರದೃತು ಮಳೆ ತೊಳೆದ ಆಕಾಶದ ಕಾಲ. ತುಂಬಿದ ಕೆರೆಗಳ, ತಿಳಿಯಾದ ಹಳ್ಳಗಳ, ಬೆಳುದಿಂಗಳ ಕಾಲ. ಎರೆಯ ಸೀಮೆಯಲ್ಲಿ ಹಿಂಗಾರಿ ಜೋಳ, ಕಡಲೆಗಳನ್ನು ಬಿತ್ತುವುದು, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಆಗಲೇ. ಮರಗಳಾದರೋ ಮಳೆಗಾಲದ ಹಸಿರನ್ನು ಹೊತ್ತುಕೊಂಡೇ ನಿಂತಿರುತ್ತವೆ. ಅವು ಎಲೆ ಕಳೆದುಕೊಳ್ಳುವುದು ಆಮೇಲೆ, ಮಾಘ-ಫಾಲ್ಗುಣಗಳ ಶಿಶಿರದಲ್ಲಿ.

ಇದಕ್ಕೆ ಕಾರಣ ಭೂಗೋಳದಲ್ಲಿದೆ. ಧಾರವಾಡದ ಸೀಮೆಯಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಡುವಣ ಅಂತರ ಎರಡು ಗಂಟೆಗಿಂತ ಕಡಿಮೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆಗೂ ಮಿಕ್ಕಿದ್ದರೆ ಡಿಸೆಂಬರಿನ ಹಗಲು 8 ಗಂಟೆಯೂ ತುಂಬುವುದಿಲ್ಲ. ಇಲ್ಲಿನ ಮರ ನೀರಿನ ಕೊರತೆಗೆ ಅಂಜಿ ಎಲೆ ಉದುರಿಸುತ್ತದೆ. ಅಲ್ಲಿನ ಮರ ಬೆಳಕಿನ ಕೊರತೆಯನ್ನೂ ಚಳಿಯನ್ನೂ ಮುಂಚಿತವಾಗಿ ಅರಿತು ಉದುರಿಸುತ್ತದೆ. ಹೀಗಾಗಿ ಅಲ್ಲಿನ ‘ಆಟಮ್’ ಎಂಬುದು ಬಣ್ಣಗಳ ಋತು. ಅದನ್ನು ಕಣ್ಣಾರೆ ಕಾಣದವರಿಗೆ ಪದಕೋಶ ಎಷ್ಟೆಂದು ಹೇಳೀತು?

ಆ ಬಣ್ಣಗಳನ್ನು ಒಂದೇ ಕಡೆ ಕಾಣಬೇಕೆಂದರೆ ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಂಡೆಯ ಮೇಲಿರುವ ಕ್ಯೂ ಸಸ್ಯೋದ್ಯಾನಕ್ಕೆ ಹೋಗಬೇಕು. 300 ಎಕರೆಗೂ ಮಿಗಿಲಾದ ಈ ತೋಟದ ಆರಂಭವನ್ನು 1759ರಿಂದ ಎಣಿಸುತ್ತಾರೆ. ರಾಜಕುಮಾರಿ ಆಗಸ್ಟಾ ಎಂಬವಳ ಅರಮನೆಯ ಹಿತ್ತಿಲಾಗಿ ಹುಟ್ಟಿದ್ದು 1840ರಲ್ಲಿ ಸರಕಾರದ ವಶಕ್ಕೆ ಬಂದು, ಜಗತ್ತಿನ ಗಿಡಮರಗಳೆಲ್ಲವುಗಳ ಅಧ್ಯಯನಕ್ಕೆ ಕೇಂದ್ರವಾಯಿತು. 2003ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ್ದು 1760ರಲ್ಲಿ ಎಂಬುದನ್ನು ನೆನೆದರೆ, ಇವೆರಡೂ ಒಂದು ವರ್ಷದ ಹಿರಿಕಿರಿಯ ತೋಟಗಳೆಂದು ಹೇಳಬೇಕಾಗುತ್ತದೆ. ಮುಂದೆ ಈ ಎರಡರ ನಡುವೆ ನಂಟೂ ಬೆಳೆಯಿತು. 1874ರಿಂದ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಕ್ಯೂದಲ್ಲಿ ಪಳಗಿದವನು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಕೂಡ ಕ್ಯೂದಲ್ಲಿ ಕೆಲಸ ಮಾಡಿದವರೇ. ಒಂದು ಬೀದಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಬೀದಿ ಅರಳಬೇಕೆಂದು ಮರಗಳನ್ನು ಆರಿಸಿ ನೆಡಿಸಿದ ಅವರ ಉಪಕಾರವನ್ನು ಬೆಂಗಳೂರು ಮರೆಯಲಾರದು. ಇಂಗ್ಲೆಂಡಿನ ಎಲೆಯಲ್ಲಿ ಕಂಡ ಋತುಚಕ್ರವನ್ನು ಅವರು ಕನ್ನಡ ನಾಡಿನ ಹೂವಿನಲ್ಲಿ ಮೂಡಿಸಿದರೆನ್ನಬಹುದು.

2019ರ ನವೆಂಬರ್ ಮೊದಲ ವಾರದ ಒಂದು ಮುಂಜಾನೆ, ಈ ತೋಟದ ಉತ್ತರದ ಹೆಬ್ಬಾಗಿಲಿನಿಂದ ಒಳಹೊಕ್ಕವರಲ್ಲಿ ಧಾರವಾಡದ ಸೀಮೆಯ ಒಬ್ಬ ನಿವೃತ್ತ ಮಾಸ್ತರರೂ ಇದ್ದರು. ಕೋಟಿನ ಮೇಲೆ ಕೋಟು, ಕೊರಳಿಗೆ ಉಣ್ಣೆಯ ವಸ್ತ್ರ, ಕಾಲಿಗೆ ಮಗಳು ಕೊಡಿಸಿದ ಹೊಸ ಬೂಟು. ಒಂದು ಕೈಯನ್ನು ಒಂಬತ್ತು ವರ್ಷದ ಮೊಮ್ಮಗಳು ಹಿಡಿದುಕೊಂಡಿದ್ದಳು. ಹಳ್ಳಿಯ ಪ್ರೌಢಶಾಲೆಯಲ್ಲಿ 34 ವರ್ಷ ವಿಜ್ಞಾನ ಕಲಿಸಿ ಅವರು ನಿವೃತ್ತರಾದುದು 2014ರಲ್ಲಿ. ಶಾಲು, ಹಾರ, ಫಲತಾಂಬೂಲಗಳೊಡನೆ ಬೀಳ್ಕೊಡುಗೆಯಾಯಿತು, ಭಾಷಣಗಳಾದವು. ಮರುದಿನದ ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಗಂಟೆ ಮನೆಯವರೆಗೂ ಕೇಳಿಸಿತು. ಎದ್ದು ಹೊರಡಬೇಕಾದ ಕಾರಣ ಮಾತ್ರ ಇರಲಿಲ್ಲ. 2018ರಲ್ಲಿ ಧರ್ಮಪತ್ನಿಯೂ ತೀರಿಕೊಂಡ ಮೇಲೆ ಮನೆ ದೊಡ್ಡದಾಯಿತು, ದಿನಗಳು ಉದ್ದವಾದವು. ಲಂಡನ್ನಿನಲ್ಲಿ ವೈದ್ಯಳಾಗಿರುವ ಮಗಳು ಮೂರು ತಿಂಗಳ ಮಟ್ಟಿಗೆಂದು ಕರೆಸಿಕೊಂಡಿದ್ದಳು. ಕರೆಸಿಕೊಂಡ ಮೇಲೆ, “ಅಪ್ಪಾ, ಇನ್ನ ಊರಿಗೆ ಹೋಗಿ ಒಬ್ಬರೇ ಏನು ಮಾಡ್ತೀರಿ? ಇಲ್ಲೇ ಇದ್ದುಬಿಡ್ರಿ” ಎಂದು ದಿನಕ್ಕೊಮ್ಮೆ ಹೇಳತೊಡಗಿದ್ದಳು. ಮಾಸ್ತರರು ಹೂಂ ಎಂದಿರಲಿಲ್ಲ. ಉಹೂಂ ಎನ್ನುವುದಕ್ಕೂ ಅವರಲ್ಲಿ ತಕ್ಕ ಕಾರಣವಿರಲಿಲ್ಲ. ಅಲ್ಲಿ ಹೋಗಿ ಮಾಡುವುದೇನು ಎಂಬ ಪ್ರಶ್ನೆ ಅವರದೂ ಆಗಿತ್ತು.

ಬಾಗಿಲಿನಿಂದ ತುಸು ದೂರದಲ್ಲಿಯೇ ಒಂದು ಗಿಂಕೋ ಮರವಿದೆ. 1762ರಲ್ಲಿ ಅಲ್ಲಿ ನೆಟ್ಟ ಈ ಮರ ತೋಟದ ಅತ್ಯಂತ ಹಳೆಯ ಮರಗಳಲ್ಲೊಂದು. ಗಿಂಕೋವಿನ ವಂಶವಾದರೋ ಇನ್ನೂ ಪುರಾತನ. ಸುಮಾರು 20 ಕೋಟಿ ವರ್ಷಗಳ ಹಿಂದಿನ ಕಲ್ಲುಗಳಲ್ಲಿಯೂ ಅದರ ಬಳಗದ ಎಲೆಗಳ ಅಚ್ಚು ದೊರೆತಿದೆ. ಬೀಸಣಿಗೆಯಾಕಾರದ ಆ ಎಲೆಗಳೆಲ್ಲ ಅಂದು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಮೇಲೆ ನೋಡಿದರೂ ಹಳದಿ, ನೆಲದ ಮೇಲೆ ಹಾಸಿದ್ದೂ ಹಳದಿ. ಮೋಡ ಕವಿದ ಆ ಬೆಳಗಿನಲ್ಲಿ ಸೂರ್ಯನಿಲ್ಲದೆಯೂ ಮರದ ಕೆಳಗೆ ಬಿಸಿಲು ಬಿದ್ದಂತೆ ತೋರುತ್ತಿತ್ತು.

ಮೊಮ್ಮಗಳು ನೆಲದಿಂದ ಒಂದು ಎಲೆಯನ್ನು ಆರಿಸಿ ತಂದು ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ಚಾಚಿದಳು. “ಅಜ್ಜಾ, ಬನ್ನಿ ತೊಗೊಂಡು ಬಂಗಾರದಂಗ ಇರೋಣು.” ತಿಂಗಳ ಹಿಂದೆ ದಸರೆಯಲ್ಲಿ ಮನೆಯವರೆಲ್ಲ ಹಾಗೆಂದದ್ದನ್ನು ಅವಳು ಮರೆತಿರಲಿಲ್ಲ. ಊರಲ್ಲಿ ಹಸಿರು ಬನ್ನಿಯೆಲೆಯನ್ನು ಕೊಟ್ಟು ಬಂಗಾರವೆಂದು ಭಾವಿಸಬೇಕು. ಇಲ್ಲಿ ಭಾವಿಸುವ ಶ್ರಮವೂ ಇರಲಿಲ್ಲ. “ಬಂಗಾರದಂಗ ಇರೋಣವ್ವಾ” ಎಂದು ಮಾಸ್ತರರು ಆ ಎಲೆಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದರು. ತೋಟದ ಸೊತ್ತನ್ನು ಒಯ್ಯಲಾಗದೆಂದು ಮತ್ತೆ ಮರದ ಬುಡದಲ್ಲಿಯೇ ಇಟ್ಟರು.

ಎಲೆ ಹಳದಿಯಾಗುವ ಬಗೆಯನ್ನು ಮಾಸ್ತರರು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ತಿಳಿಸಿದ್ದರು. ಹಸಿರು ಬಣ್ಣ ಪತ್ರಹರಿತ್ತಿನದು. ಅದು ಬಿಸಿಲಿನ ಬಲದಿಂದ ಆಹಾರ ತಯಾರಿಸುವ ದ್ರವ್ಯ. ಸದಾ ಸವೆಯುತ್ತದೆ, ಮರ ಅದನ್ನು ಸದಾ ಹೊಸದಾಗಿ ಮಾಡಿಕೊಳ್ಳುತ್ತದೆ. ಹಗಲು ಕಿರಿದಾಗಿ ರಾತ್ರಿ ತಂಪಾದಂತೆ ಆ ತಯಾರಿಕೆ ನಿಲ್ಲುತ್ತದೆ. ಮರ ಪತ್ರಹರಿತ್ತನ್ನು ಬಿಡಿಸಿ, ಎಲೆಯಲ್ಲಿರುವ ಸಾರಜನಕ, ರಂಜಕ ಮುಂತಾದ ಬೆಲೆಯುಳ್ಳ ಸತ್ವಗಳಲ್ಲಿ ಸುಮಾರು ಅರ್ಧವನ್ನು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚನ್ನು ಕೊಂಬೆ ಕಾಂಡಗಳಿಗೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹಸಿರು ಸರಿದಾಗ ಹಳದಿ ಕಾಣುತ್ತದೆ. ಈ ಹಳದಿ ಹೊರಗಿನಿಂದ ಬಂದದ್ದಲ್ಲ. ಕೆರೋಟಿನಾಯ್ಡ್ ಎಂಬ ಆ ವರ್ಣದ್ರವ್ಯ ಎಲೆ ಚಿಗುರಿದಂದಿನಿಂದಲೂ ಒಳಗಿದ್ದು, ಹಸಿರಿನ ಜೊತೆಗೂಡಿ ದುಡಿಯುತ್ತಲೇ ಇತ್ತು; ಹಸಿರಿನ ಪ್ರಾಬಲ್ಯದಲ್ಲಿ ಅದು ಇರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಈ ಪಾಠವನ್ನು ಕಲಿಸಿದವರು ಅದನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಓದಿದ್ದು ಅಂದೇ.

ತೋಟದ ನಡುವಣ ಕೆರೆಯತ್ತ ಸಾಗಿದಂತೆ ಬಣ್ಣಗಳು ಬೇರೆಯಾದವು. ಬೀಚ್ ಮರಗಳು ಹೊನ್ನಿನಿಂದ ಕಂದುಬಣ್ಣಕ್ಕೆ ತಿರುಗುತ್ತಿದ್ದವು. ನೀರಿನ ಅಂಚಿನಲ್ಲಿ ಟ್ಯಾಕ್ಸೋಡಿಯಂ ಮರಗಳು ತಾಮ್ರದ ಬಣ್ಣ ತಳೆದಿದ್ದವು. ಸೂಜಿಯೆಲೆಯ ಮರಗಳ ಜಾತಿಗೆ ಸೇರಿದ್ದರೂ ಚಳಿಗೆ ಎಲೆ ಉದುರಿಸುವ ಅಪರೂಪದ ಮರಗಳವು. ಅವೆಲ್ಲವುಗಳಿಗಿಂತ ಮಿಗಿಲಾಗಿ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಅಮೆರಿಕ ಮೂಲದ ಲಿಕ್ವಿಡಾಂಬರ್. ಒಂದೇ ಮರದಲ್ಲಿ ಹಳದಿ, ಕಿತ್ತಳೆ, ಕುಂಕುಮ, ನೇರಳೆ. ಐದು ಬೆರಳಿನ ಅಂಗೈಯಂತಹ ಒಂದೊಂದು ಎಲೆಯೂ ಒಂದೊಂದು ಬಣ್ಣ.

ಕೆಂಪಿನ ಕಥೆ ಹಳದಿಯ ಕಥೆಗಿಂತ ಬೇರೆ. ಹಳದಿ ಮೊದಲೇ ಇದ್ದದ್ದು. ಕೆಂಪಾದರೋ ಎಲೆಯ ಕೊನೆಗಾಲದಲ್ಲಿ ಹೊಸದಾಗಿ ತಯಾರಾದದ್ದು. ಎಲೆಯಲ್ಲಿ ಉಳಿದ ಸಕ್ಕರೆಯನ್ನು ಬಳಸಿಕೊಂಡು ಮರ ಆಂಥೊಸಯನಿನ್ ಎಂಬ ಕೆಂಪು ದ್ರವ್ಯವನ್ನು ಮಾಡುತ್ತದೆ. ಹಗಲು ಬಿಸಿಲು ಚೆನ್ನಾಗಿದ್ದು ರಾತ್ರಿ ತಂಪಾದ ವರ್ಷ ಕೆಂಪು ಏರುತ್ತದೆ. ಮೋಡ ಮುಸುಕಿದ ವರ್ಷ ಮಂಕಾಗುತ್ತದೆ. ನಾಲ್ಕಾರು ವಾರಗಳಲ್ಲಿ ಬಿದ್ದುಹೋಗುವ ಎಲೆಗೆ ಇಷ್ಟೊಂದು ವೆಚ್ಚವೇಕೆ? ಸತ್ವವನ್ನು ಹಿಂದಕ್ಕೆ ಸಾಗಿಸುವವರೆಗೆ ಎಲೆಯನ್ನು ಕಟುವಾದ ಬೆಳಕಿನಿಂದ ಕಾಯುವ ಕೊಡೆ ಇದು ಎನ್ನುತ್ತಾರೆ ಕೆಲವು ವಿಜ್ಞಾನಿಗಳು. ಮೊಟ್ಟೆಯಿಡಲು ಬರುವ ಕೀಟಗಳಿಗೆ ಮರ ತೋರುವ ಎಚ್ಚರಿಕೆಯ ಬಾವುಟ ಇದು ಎಂಬ ಮತ್ತೊಂದು ವಾದವನ್ನು ಹ್ಯಾಮಿಲ್ಟನ್ ಮತ್ತು ಬ್ರೌನ್ ಎಂಬ ವಿದ್ವಾಂಸರು 2001ರಲ್ಲಿ ಮಂಡಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ. ಒಂದಂತೂ ನಿಶ್ಚಯ: ಹೊರಡುವ ಎಲೆಯೂ ಹೊರಡುವವರೆಗೆ ಕೆಲಸದಲ್ಲಿರುತ್ತದೆ.

ಆ ಕೆಂಪನ್ನು ನೋಡುತ್ತಿದ್ದ ಮಾಸ್ತರರಿಗೆ ಅದು ಪರಿಚಿತವೆನಿಸಿತು. ಎಲ್ಲಿ ಕಂಡದ್ದೆಂದು ನೆನಪಿಗೆ ತಂದುಕೊಳ್ಳಲು ತಡವಾಗಲಿಲ್ಲ. ಯುಗಾದಿಯ ಮುಂಚೆ ಅರಳಿಯ ಮರ ತಳೆಯುವ ತಾಮ್ರವರ್ಣ, ಮಾವಿನ ಎಳೆಚಿಗುರಿನ ಕೆಂಪು! ಅದೂ ಆಂಥೊಸಯನಿನ್ನೇ. ಎಳೆಯ ಚಿಗುರು ಬಲಿತು ಹಸಿರಾಗುವವರೆಗೆ ಅದನ್ನು ಬಿಸಿಲಿನಿಂದ ಕಾಯುವುದು ಅದರ ಕೆಲಸವೆಂದು ಹೇಳುತ್ತಾರೆ. ಕನ್ನಡ ನಾಡಿನಲ್ಲಿ ತೊಟ್ಟಿಲ ಬಣ್ಣವಾಗಿ ಬರುವುದೇ ಇಂಗ್ಲೆಂಡಿನಲ್ಲಿ ಬೀಳ್ಕೊಡುಗೆಯ ಬಣ್ಣವಾಗಿ ಬರುತ್ತದೆ. ಒಂದೇ ಕೆಂಪು, ಒಂದು ಕಡೆ ಬರುವವರಿಗೆ, ಇನ್ನೊಂದು ಕಡೆ ಹೋಗುವವರಿಗೆ.

ಆಗಲೇ ಗಾಳಿ ಬೀಸಿತು. ಎಲೆಗಳು ಗುಂಪುಗುಂಪಾಗಿ ಇಳಿದವು. ಮೊಮ್ಮಗಳು ಬಹಳ ಹೊತ್ತು ಸುಮ್ಮನೆ ನೋಡಿ, “ಅಜ್ಜಾ, ಗಿಡಕ್ಕ ಎಲಿ ಬ್ಯಾಡಾದ್ವೇನು?” ಎಂದು ಕೇಳಿದಳು.

34 ವರ್ಷದಲ್ಲಿ ಮಾಸ್ತರರನ್ನು ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಅವರಿಗೆ ಗೊತ್ತಿತ್ತು. ಎಲೆತೊಟ್ಟು ಕೊಂಬೆಗೆ ಸೇರುವಲ್ಲಿ ಒಂದು ತೆಳುವಾದ ಕೋಶಗಳ ಪದರ ಏರ್ಪಡುತ್ತದೆ. ಆ ಕೋಶಗಳ ಬೆಸುಗೆ ಮೆಲ್ಲಮೆಲ್ಲನೆ ಸಡಿಲುತ್ತದೆ. ಅದರ ಹಿಂದೆ, ಕೊಂಬೆಯ ಕಡೆಗೆ, ಗಾಯ ಮುಚ್ಚುವ ಇನ್ನೊಂದು ಪದರ ಬೆಳೆಯುತ್ತದೆ. ಆದ್ದರಿಂದ ಎಲೆಯನ್ನು ಕೀಳುವುದು ಗಾಳಿಯಲ್ಲ; ಬಿಡುವ ಸಿದ್ಧತೆಯನ್ನು ಮರವೇ ಮಾಡಿರುತ್ತದೆ, ಗಾಳಿ ನೆಪಮಾತ್ರ. ಹಠಾತ್ತಾಗಿ ಮುರಿದ ಕೊಂಬೆಯ ಎಲೆಗಳು ಒಣಗಿದರೂ ಉದುರದೆ ಜೋತುಬಿದ್ದಿರುವುದು ಇದೇ ಕಾರಣಕ್ಕೆ. ಇದೆಲ್ಲ ಸರಿ. ಆದರೆ ಹುಡುಗಿ ಕೇಳಿದ್ದು ‘ಹೇಗೆ’ ಎಂದಲ್ಲ. “ನೋಡೋಣ ಬಾ” ಎಂದಷ್ಟೇ ಹೇಳಿ ಮಾಸ್ತರರು ಮುಂದೆ ನಡೆದರು.

ಮಧ್ಯಾಹ್ನ ಅವರಿಬ್ಬರೂ ಮರಗಳ ತಲೆಯ ಮೇಲಿನ ಸೇತುವೆಯನ್ನು ಹತ್ತಿದರು. 2008ರಲ್ಲಿ ತೆರೆದ ಈ ಉಕ್ಕಿನ ಹಾದಿ ನೆಲದಿಂದ 18 ಮೀಟರ್ ಎತ್ತರದಲ್ಲಿ 200 ಮೀಟರ್ ಉದ್ದ ಸಾಗುತ್ತದೆ. ಕೆಳಗಿನಿಂದ ಕಂಡ ಬಣ್ಣವನ್ನು ಅಲ್ಲಿ ಕಣ್ಣಿನ ಮಟ್ಟದಲ್ಲಿ ಕಾಣಬಹುದು. ದೂರದಲ್ಲಿ 1762ರ ಹತ್ತು ಅಂತಸ್ತಿನ ಪಗೋಡ, ಅದರ ಸುತ್ತ ಹೊಗೆಯಿಲ್ಲದೆ ಉರಿಯುವ ತೋಟ. ಮುದುಕರು, ಮಕ್ಕಳು, ಕೈಗಾಡಿಯಲ್ಲಿ ಕೂಸನ್ನು ತಳ್ಳಿಕೊಂಡು ಬಂದ ತಾಯಂದಿರು ಎಲ್ಲರೂ ಅಲ್ಲಿದ್ದರು. ಜಾತ್ರೆಯ ಜನಸಂದಣಿ, ಆದರೆ ಗದ್ದಲವಿಲ್ಲ. ತೇರಿನಂತೆ ನಿಂತ ಮರಗಳನ್ನು ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು.

ಹೊತ್ತು ಇಳಿಯತೊಡಗಿತು. ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುವ ದಿನಗಳವು. ಬಂದ ಬಾಗಿಲಿನತ್ತ ಮರಳುವಾಗ ಬಣ್ಣ ಬದಲಿಸದ ಒಂದು ಓಕ್ ಮರ ಎದುರಾಯಿತು. ಟರ್ನರನ ಓಕ್ ಎಂದು ಅದರ ಹೆಸರು, 1798ರಲ್ಲಿ ನೆಟ್ಟದ್ದು, ಚಳಿಗಾಲದಲ್ಲಿಯೂ ಬಹುಮಟ್ಟಿಗೆ ಹಸಿರನ್ನು ಉಳಿಸಿಕೊಳ್ಳುವ ಮಿಶ್ರ ಜಾತಿ. 1987ರ ಅಕ್ಟೋಬರ್ 16ರ ಬಿರುಗಾಳಿ ಕ್ಯೂದಲ್ಲಿ ಸುಮಾರು 700 ಮರಗಳನ್ನು ಉರುಳಿಸಿದ ರಾತ್ರಿ, ಈ ಮರವನ್ನೂ ಬೇರುಸಹಿತ ಎತ್ತಿ ಮತ್ತೆ ಅದೇ ಕುಳಿಯಲ್ಲಿ ಕೂರಿಸಿತ್ತು. ಇನ್ನು ಬದುಕದೆಂದು ತೋಟದವರು ಅದಕ್ಕೆ ಆನಿಕೆ ಕೊಟ್ಟು, ಮುಂದೆ ಕಡಿದರಾಯಿತೆಂದು ಬಿಟ್ಟರು. ಮೂರು ವರ್ಷ ಕಳೆದು ನೋಡಿದರೆ ಮರ ಹಿಂದೆಂದಿಗಿಂತ ಹುಲುಸಾಗಿ ಚಿಗುರಿತ್ತು! ಲಕ್ಷಾಂತರ ಜನ ತುಳಿದು ಗಟ್ಟಿಯಾಗಿದ್ದ ಬುಡದ ಮಣ್ಣು ಆ ಏಟಿಗೆ ಸಡಿಲಗೊಂಡು ಬೇರುಗಳಿಗೆ ಗಾಳಿ ಸಿಕ್ಕಿತ್ತು. ಅಂದಿನಿಂದ ಹಳೆಯ ಮರಗಳ ಬುಡದ ಮಣ್ಣನ್ನು ಸಡಿಲಿಸುವುದು ಅಲ್ಲಿನ ಆರೈಕೆಯ ಭಾಗವಾಯಿತು. ಫಲಕದ ಮೇಲಿನ ಹೆಸರನ್ನು ಓದಿ ಮಾಸ್ತರರು ಅಲ್ಲಿ ಸ್ವಲ್ಪ ಹೊತ್ತು ನಿಂತರು. ಏಟು ತಿಂದ ಮರ ಬೇರೂರಿದ್ದು ತನ್ನ ಕುಳಿಯಲ್ಲಿಯೇ.

ಅಲ್ಲಿಂದ ಸ್ವಲ್ಪ ಮುಂದೆ 1762ರ ಇನ್ನೊಂದು ಮುದಿಮರ: ಪೂರ್ವದೇಶದ ಪ್ಲೇನ್ ಮರ. ಅದನ್ನೇ ಕಾಶ್ಮೀರದವರು ಚಿನಾರ್ ಎನ್ನುತ್ತಾರೆ. ಶ್ರೀನಗರದ ಮೊಗಲ್ ತೋಟಗಳಲ್ಲಿ ಅಕ್ಟೋಬರ್-ನವೆಂಬರಿನಲ್ಲಿ ಕೆಂಡದಂತೆ ಹೊಳೆಯುವ ಚಿನಾರಿನ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ಕಾಣದವರಿಲ್ಲ. ಇಲ್ಲಿ ಅದರ ಎಲೆಗಳು ಹಳದಿ-ಕಂದು ಬಣ್ಣಕ್ಕೆ ತಿರುಗಿದ್ದವು. ತಗ್ಗಿ ಬಂದಿದ್ದ ಒಂದು ಕೊಂಬೆಯ ಕೆಳಗೆ ಮಾಸ್ತರರು ನಿಂತರು. ಅದರಲ್ಲಿ ಕೆಲವು ಎಲೆಗಳಿನ್ನೂ ಉಳಿದಿದ್ದವು. ಆಗತಾನೆ ಬಿದ್ದ ಎಲೆಯೊಂದನ್ನು ನೆಲದಿಂದೆತ್ತಿ ಅದರ ತೊಟ್ಟಿನ ಬುಡವನ್ನು ಮೊಮ್ಮಗಳಿಗೆ ತೋರಿಸಿದರು. ತೊಟ್ಟಿನ ತುದಿ ಟೊಪ್ಪಿಗೆಯ ಹಾಗೆ ಟೊಳ್ಳಾಗಿತ್ತು.

“ಒಳಗ ಏನಿತ್ತು ಹೇಳು?”

ಹುಡುಗಿ ತಲೆಯಲ್ಲಾಡಿಸಿದಳು. ಮಾಸ್ತರರು ಕೊಂಬೆಯ ಮೇಲೆ ಎಲೆ ಕಳಚಿದ ಜಾಗವನ್ನು ತೋರಿಸಿದರು. ಉಂಗುರದಂತಹ ಕಲೆ, ಅದರ ನಡುವೆ ಜೋಳದ ಕಾಳಿಗಿಂತ ತುಸು ದೊಡ್ಡದಾದ, ಚೂಪುತುದಿಯ ಒಂದು ಮೊಗ್ಗು. ಬಹಳಷ್ಟು ಮರಗಳಲ್ಲಿ ಮುಂದಿನ ವರ್ಷದ ಮೊಗ್ಗು ಬೇಸಗೆಯಲ್ಲಿಯೇ ಎಲೆತೊಟ್ಟಿನ ಪಕ್ಕದಲ್ಲಿ ರೂಪುಗೊಂಡಿರುತ್ತದೆ. ಪ್ಲೇನ್ ಮರದಲ್ಲಾದರೋ ಅದು ತೊಟ್ಟಿನ ಒಳಗೇ ಬೆಳೆಯುತ್ತದೆ. ಬೇಸಗೆಯುದ್ದಕ್ಕೂ ಎಲೆ ಅದನ್ನು ತನ್ನ ಬುಡದಲ್ಲಿ ಮುಚ್ಚಿ ಕಾಯುತ್ತದೆ. ಎಲೆ ಇರುವತನಕ ಮೊಗ್ಗು ಯಾರ ಕಣ್ಣಿಗೂ ಬೀಳದು; ಎಲೆ ಬಿದ್ದ ಮೇಲೆಯೇ ಅದು ಬೆಳಕು ಕಾಣುವುದು.

“ಬ್ಯಾಡಾಗಿ ಬಿಟ್ಟಿಲ್ಲವ್ವಾ. ಎಲಿ ತನ್ನ ಕೆಲಸಾ ಮುಗಿಸೇತಿ. ಒಳಗಿದ್ದದ್ದನ್ನೆಲ್ಲಾ ಗಿಡಕ್ಕ ಕೊಟ್ಟೇತಿ, ಕೂಸಿಗೆ ಜಾಗಾ ಬಿಟ್ಟೇತಿ.”

“ಬಿದ್ದ ಎಲಿ ಮುಂದ ಏನಾಗತೈತಿ?”

“ಅದೇ ಗಿಡದ ಬುಡಕ್ಕ ಗೊಬ್ಬರ ಆಗತೈತಿ. ಬಿದ್ದ ಮ್ಯಾಲೂ ಕೆಲಸಾ ಐತಿ ಅದಕ್ಕ.”

ಹೇಳಿದ ಮಾತು ಮೊಮ್ಮಗಳಿಗಾಗಿ ಹೇಳಿದ್ದು. ಆದರೆ ಹೇಳಿದವರ ಕಿವಿಗೂ ಅದು ಬಿತ್ತು. ಹೆಬ್ಬಾಗಿಲು ದಾಟುವವರೆಗೆ ಮಾಸ್ತರರು ಮತ್ತೆ ಮಾತಾಡಲಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಮಗಳು ಎಂದಿನ ಮಾತನ್ನೆತ್ತಿದಾಗ ಮಾಸ್ತರರು ಸಮಾಧಾನವಾಗಿಯೇ ಉತ್ತರಿಸಿದರು. “ವರ್ಷಕ್ಕೊಮ್ಮೆ ಬರ್ತೀನವ್ವಾ, ಈ ಬಣ್ಣಾ ನೋಡಾಕರ ಬರ್ತೀನಿ. ಇರೂದು ಮಾತ್ರ ಅಲ್ಲೇ. ನನ್ನ ಗಿಡ ಅಲ್ಲೈತಿ.” ಮಗಳ ಕಣ್ಣು ತುಂಬಿ ಬಂದವು. ಒಂಟಿಯಾಗಿರುವ ತಂದೆಯ ಬಗ್ಗೆ ದೂರದ ಮಕ್ಕಳಿಗಿರುವ ಅಳುಕು ಸಣ್ಣದಲ್ಲ. ಅದು ಒಂದು ಮಾತಿನಿಂದ ಹೋಗುವಂಥದ್ದೂ ಅಲ್ಲ. ಆದರೂ ಆ ದನಿಯಲ್ಲಿ ಬಹುದಿನದ ಮೇಲೆ ಕೇಳಿಬಂದ ಮಾಸ್ತರಿಕೆಯ ಗಟ್ಟಿತನವನ್ನು ಅವಳು ಗುರುತಿಸಿದಳು, ಮತ್ತೆ ಒತ್ತಾಯಿಸಲಿಲ್ಲ.

2020ರ ಫೆಬ್ರವರಿಯಲ್ಲಿ, ಮಾಘ ಮುಗಿಯುವ ದಿನಗಳಲ್ಲಿ, ಮಾಸ್ತರರು ತಾವು ಕಲಿಸಿದ ಶಾಲೆಗೆ ತಾವಾಗಿಯೇ ಹೋದರು. ವಾರಕ್ಕೆ ಒಂದು ಗಂಟೆ ಮಕ್ಕಳನ್ನು ತಮಗೆ ಕೊಡಬೇಕೆಂದು ಕೇಳಿದರು. ಮುಖ್ಯಾಧ್ಯಾಪಕರು ಸಂತೋಷದಿಂದ ಒಪ್ಪಿದರು. ಶಾಲೆಯ ಅಂಗಳದಲ್ಲಿ, ಎಷ್ಟೋ ಶಾಲೆಗಳಲ್ಲಿರುವಂತೆ, ಒಂದು ಬಾದಾಮಿ ಗಿಡವಿತ್ತು. ಅಂತಸ್ತು ಅಂತಸ್ತಾಗಿ ಕೊಂಬೆ ಹರಡುವ, ಮಕ್ಕಳು ಕಲ್ಲಿನಿಂದ ಕಾಯಿ ಜಜ್ಜಿ ತಿರುಳು ತಿನ್ನುವ ಅದೇ ನಾಡಬಾದಾಮಿ. ಎಲೆ ಉದುರಿಸುವ ಮುನ್ನ ಅದರ ಅಗಲವಾದ ಎಲೆಗಳು ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಗಾಢವಾದ ಕೆಂಪಾಗುತ್ತವೆ. ವರ್ಷವರ್ಷವೂ ಈ ಬಣ್ಣ ಅಂಗಳದಲ್ಲಿ ಬೀಳುತ್ತಿತ್ತು, ಬೆಳಗಿನ ಪ್ರಾರ್ಥನೆಗೆ ಮುಂಚೆ ಕಸಬರಿಗೆಯ ಪಾಲಾಗುತ್ತಿತ್ತು. ಕ್ಯೂಗೆ ಹೋಗಲಾರದ ಮಕ್ಕಳಿಗಾಗಿ ಪುಟ್ಟದೊಂದು ‘ಆಟಮ್’ ಆ ಗಿಡದ ಕೆಳಗೇ ಇತ್ತು.

ಅಂದು ಅಂಗಳವನ್ನು ಗುಡಿಸಲಿಲ್ಲ. ಎಂಟನೆಯ ತರಗತಿಯ ಮಕ್ಕಳು ಬಿದ್ದ ಎಲೆಗಳನ್ನು ಆರಿಸಿ ತಂದು, ಹಸಿರಿನಿಂದ ಕೆಂಪಿನವರೆಗೆ ಜಗುಲಿಯುದ್ದಕ್ಕೂ ಸಾಲಾಗಿ ಜೋಡಿಸಿದರು. ತೊಟ್ಟು ಕಳಚಿದ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೊಂಬೆಯ ತುದಿಯಲ್ಲಿ ಆಗಲೇ ಬಂದಿದ್ದ ಚಿಗುರನ್ನು ಹುಡುಕಿದರು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಸರ್, ಈ ಬಣ್ಣಾ ಎಲ್ಲಾ ಮೊದಲಿನಿಂದ ಎಲಿಯೊಳಗ ಇತ್ತೇನ್ರಿ?” ಎಂದು ಕೇಳಿದನು.

“ಹಳದಿ ಮೊದಲಿನಿಂದ ಇತ್ತಪ್ಪಾ” ಎಂದರು ಮಾಸ್ತರರು. “ಕೆಂಪು ಮಾತ್ರ ಕಡೀಕ ಗಳಿಸಿದ್ದು.”